ಗೆಳೆಯನಿಗೊಂದು ಪತ್ರ: ಸಂಯುಕ್ತಗಳ ಹೆಸರು ಮಕ್ಕಳಿಗೆ ಯಾಕೆ ತಪ್ಪುತ್ತದೆ

ಪ್ರಿಯ ಗೆಳೆಯ,

ಒಂಬತ್ತನೇ ತರಗತಿಯ ಮಕ್ಕಳು ವೇಲೆನ್ಸಿ (ಪರಮಾಣು ಬೇರೆಯದರೊಡನೆ ಕೂಡುವ ಸಾಮರ್ಥ್ಯದ ಅಂಕಿ) ಪಟ್ಟಿಯನ್ನು ಗಡಗಡ ಒಪ್ಪಿಸುತ್ತಾರೆ, ಸೂತ್ರ ಕೊಟ್ಟು ಹೆಸರು ಬರೆಯಿರಿ ಅಂದರೆ ತಡವರಿಸುತ್ತಾರೆ ಅಂತ ಬರೆದಿದ್ದೀಯ. ನೆನಪಿನ ಶಕ್ತಿಯ ಕೊರತೆ ಅದಲ್ಲ. ಹೆಸರಿಡಲು ಎರಡು ಪದ್ಧತಿಗಳಿವೆ. ಯಾವುದು ಎಲ್ಲಿಗೆ ಎಂಬುದು ಅವರಿಗೆ ಬಿಡಿಸಿ ಗೊತ್ತಾಗಿಲ್ಲ.

ಸೂತ್ರ ಕಂಡ ಕೂಡಲೇ ಒಂದು ಪ್ರಶ್ನೆ ಹಾಕಿಸು: ಮೊದಲಿಗಿರುವುದು ಲೋಹವೋ, ಅಲೋಹವೋ? ಎರಡೂ ಅಲೋಹವಾದರೆ ಪರಮಾಣುಗಳ ಎಣಿಕೆ (ಡೈ ಎಂದರೆ ಎರಡು, ಟ್ರೈ ಮೂರು, ಪೆಂಟಾ ಐದು) ಹೆಸರಿನಲ್ಲೇ ಬರಬೇಕು: ಕಾರ್ಬನ್ ಡೈಆಕ್ಸೈಡ್, ಫಾಸ್ಫರಸ್ ಪೆಂಟಾಕ್ಲೋರೈಡ್. ಲೋಹವಿದ್ದರೆ ಡೈ, ಟ್ರೈ ಬೇಡ. ಅಲ್ಯುಮಿನಿಯಂ ಜೊತೆ ಮೂರು ಕ್ಲೋರಿನ್ ಇದ್ದರೂ ಅದು ಅಲ್ಯುಮಿನಿಯಂ ಕ್ಲೋರೈಡ್ ಅಷ್ಟೇ. ಅಲ್ಯುಮಿನಿಯಂನ ಆವೇಶ (ವಿದ್ಯುತ್ ಚಾರ್ಜ್) ಪ್ಲಸ್ 3, ಕ್ಲೋರಿನ್‌ನದು ಮೈನಸ್ 1 ಎಂದು ಗೊತ್ತಿದ್ದರೆ ಎಣಿಕೆ ತಾನಾಗಿ ಸಿಗುತ್ತದೆ.

ನಿಜವಾದ ತೊಡಕು ಕಬ್ಬಿಣ, ತಾಮ್ರ, ಸೀಸದ್ದು. ಇವುಗಳಲ್ಲಿ ಒಂದೊಂದರ ಆವೇಶವೂ ಸಂಯುಕ್ತದಿಂದ ಸಂಯುಕ್ತಕ್ಕೆ ಬದಲಾಗುತ್ತದೆ, ಅದಕ್ಕೇ ಹೆಸರಿನಲ್ಲಿ ಆವೇಶ ಹೇಳುವ ರೋಮನ್ ಅಂಕಿ. ಒಂದು ಸೀಸ, ಎರಡು ಆಕ್ಸಿಜನ್ ಇರುವ ಸೂತ್ರವನ್ನು ಬೋರ್ಡಿನ ಮೇಲೆ ಬರೆದು ನೋಡು. 'ಲೆಡ್ ಟೂ ಆಕ್ಸೈಡ್' ಎಂಬ ಉತ್ತರ ಬಂದೇ ಬರುತ್ತದೆ. ಆಕ್ಸಿಜನ್ ಪಕ್ಕದ 2 ಅನ್ನು ಎತ್ತಿ ಸೀಸಕ್ಕೆ ಹಚ್ಚುತ್ತಾರೆ. ಒಂದರ ವೇಲೆನ್ಸಿಯನ್ನು ಇನ್ನೊಂದರ ಕೆಳಗೆ ಅದಲು ಬದಲು ಮಾಡಿ ಸೂತ್ರ ಕಟ್ಟುವಾಗ 2 ಮತ್ತು 4 ಸಂಕ್ಷೇಪಗೊಂಡು 1 ಮತ್ತು 2 ಆಗಿದ್ದವು. ಹಾಗಾಗಿ ಅದೇ ದಾರಿಯಲ್ಲಿ ಹಿಂದಕ್ಕೆ ಹೋಗಲಾಗದು. ಲೆಕ್ಕ ಮಾಡಿಸು: ಆಕ್ಸಿಜನ್ ಒಂದಕ್ಕೆ ಮೈನಸ್ 2, ಎರಡಕ್ಕೆ ಮೈನಸ್ 4, ಒಟ್ಟು ಸೊನ್ನೆಯಾಗಬೇಕು, ಆದ್ದರಿಂದ ಸೀಸ ಪ್ಲಸ್ 4. ಹೆಸರು ಲೆಡ್ ಫೋರ್ ಆಕ್ಸೈಡ್. ಅದರ ಬೆನ್ನಿಗೇ ಎರಡು ತಾಮ್ರ, ಒಂದು ಆಕ್ಸಿಜನ್ ಕೊಡು. ಮೈನಸ್ 2 ಸರಿದೂಗಿಸಲು ಎರಡು ತಾಮ್ರಕ್ಕೂ ತಲಾ ಪ್ಲಸ್ 1, ಆದ್ದರಿಂದ ಕಾಪರ್ ಒನ್ ಆಕ್ಸೈಡ್. ರೋಮನ್ ಅಂಕಿ ಆವೇಶ, ಎಣಿಕೆಯಲ್ಲ ಎಂಬುದು ಈ ಜೋಡಿಯಿಂದ ಮನದಟ್ಟಾಗುತ್ತದೆ. ಲೆಕ್ಕವನ್ನು ಸೂತ್ರದ ಮೇಲೆ ಪೆನ್ಸಿಲ್ಲಿನಲ್ಲಿ ಬರೆಸು, ಬಾಯಲ್ಲಿ ಬೇಡ.

ಇನ್ನು ಗುಂಪು ಅಯಾನುಗಳು, ಅಂದರೆ ಹಲವು ಪರಮಾಣುಗಳು ಕೂಡಿ ಒಂದೇ ಆವೇಶ ಹೊತ್ತ ಗುಂಪುಗಳು. ನೈಟ್ರೇಟ್‌ನಲ್ಲಿ 3 ಆಕ್ಸಿಜನ್ ಕಂಡು ಆವೇಶವೂ 3 ಅಂದುಕೊಳ್ಳುವವರು ಬಹಳ; ಅದು ಮೈನಸ್ 1. ಕ್ಯಾಲ್ಸಿಯಂ ನೈಟ್ರೇಟ್ ಬರೆಯುವಾಗ ಆವರಣ ಮರೆತರೆ 3ರ ಪಕ್ಕ 2 ಕೂತು 32 ಆಕ್ಸಿಜನ್ ಆಗುತ್ತದೆ, ಅದನ್ನೇ ತೋರಿಸು. ಸಲ್ಫೈಡ್, ಸಲ್ಫೈಟ್, ಸಲ್ಫೇಟ್ ಮೂರಕ್ಕೂ ಆವೇಶ ಮೈನಸ್ 2 ಆದ್ದರಿಂದ ಆವೇಶ ನೋಡಿ ಗುರುತಿಸಲಾಗದು. ಆಕ್ಸಿಜನ್ ಸೊನ್ನೆ, 3, 4 ಎಂದು ಎಣಿಸಲೇಬೇಕು.

ಎರಡು ಆಕ್ಸಿಜನ್ ಪರಸ್ಪರ ಜೋಡಿಕೊಂಡಿರುವ ಪೆರಾಕ್ಸೈಡ್‌ಗಳನ್ನು ಸದ್ಯಕ್ಕೆ ಮುಟ್ಟಬೇಡ. ಅಲ್ಲಿ ಪ್ರತಿ ಆಕ್ಸಿಜನ್ ಮೈನಸ್ 1. ಈಗಷ್ಟೇ ಕಲಿತ ಲೆಕ್ಕ ಕೈಕೊಡುತ್ತದೆ.

ನಿನ್ನ ಗೆಳೆಯ