ಗಂಟಲು ಕಟ್ಟಿದ ವಾರ ಕಲಿತ ಕೋಚಿಂಗ್

ಮಾನ್ಯ ಸಂಪಾದಕರೇ,

ಕಂಪನಿಗಳಲ್ಲಿ ಮ್ಯಾನೇಜರುಗಳೇ ಕೈಕೆಳಗಿನವರನ್ನು ಪಳಗಿಸಿ ಬೆಳೆಸುವ 'ಕೋಚಿಂಗ್ ಸಂಸ್ಕೃತಿ' ಬರಬೇಕು, ಆಗಲೇ ಚುರುಕಾದ, ಎಲ್ಲರನ್ನೂ ಜೊತೆಗೆ ಕರೆದುಕೊಂಡು ಹೋಗುವ ನಾಯಕರು ತಯಾರಾಗುತ್ತಾರೆ ಅನ್ನುವ ಮಾತು ಈಗೀಗ ಪತ್ರಿಕೆಗಳ ಉದ್ಯೋಗ ಪುಟಗಳಲ್ಲಿ ಜಾಸ್ತಿ ಕಾಣಿಸುತ್ತಿದೆ. ಅಂಥದ್ದೊಂದು ಬರಹವನ್ನು ಮೊನ್ನೆ ಜೋರಾಗಿ ಓದುತ್ತಿದ್ದೆ. ಅಡುಗೆಮನೆಯಿಂದ ಹೆಂಡತಿ ಕೇಳಿದಳು, 'ಯಾರಿಗೆ ಕೋಚಿಂಗು? ನೀಟ್‌ಗಾ, ಸಿಇಟಿಗಾ?' ಅವಳ ತಪ್ಪೇನಿಲ್ಲ. ಕೋಚಿಂಗ್ ಅಂದರೆ ನಮಗೆ ಬೆಂಗಳೂರಿನ ವಿಜಯನಗರದ ಟ್ಯೂಷನ್ ಸೆಂಟರುಗಳ ಆ ದೊಡ್ಡ ದೊಡ್ಡ ಬೋರ್ಡುಗಳೇ ಕಣ್ಣ ಮುಂದೆ ಬರುವುದು. ಒಬ್ಬರು ಹೇಳುತ್ತಾರೆ, ನೂರು ಜನ ಬರೆದುಕೊಳ್ಳುತ್ತಾರೆ. ಕಂಪನಿಗಳೂ ಹಾಗೇ ಅಂದುಕೊಂಡಿವೆ. ನನ್ನ ತಕರಾರು ಇರುವುದೇ ಅಲ್ಲಿ.

ನಾನು ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ದುಡಿದವನು. ಆಪರೇಟರ್ ಆಗಿ ಸೇರಿ ಸೆಟ್ಟರ್ (ಮೆಷಿನ್ ಹೊಂದಿಸಿಕೊಡುವವನು), ಸೂಪರ್‌ವೈಸರ್, ಕೊನೆಗೆ ಪ್ರೊಡಕ್ಷನ್ ಮ್ಯಾನೇಜರ್ ಆಗಿ ಈಚೆಗೆ ನಿವೃತ್ತನಾದೆ. ಒಂದು ಸಲ ನಮ್ಮ ಕಂಪನಿಯವರು ಮ್ಯಾನೇಜರುಗಳನ್ನೆಲ್ಲ ಬಸ್ಸಿನಲ್ಲಿ ತುಂಬಿಕೊಂಡು ಕನಕಪುರ ರಸ್ತೆಯ ರೆಸಾರ್ಟ್ ಒಂದಕ್ಕೆ ಕರೆದೊಯ್ದರು. ಎರಡು ದಿನ ಕೋಚಿಂಗ್ ತರಬೇತಿ. ಕಣ್ಣಿಗೆ ಬಟ್ಟೆ ಕಟ್ಟಿ ಒಬ್ಬರನ್ನೊಬ್ಬರು ಕೈ ಹಿಡಿದು ನಡೆಸಿದೆವು, ಹಗ್ಗ ಎಳೆದೆವು, ತಬ್ಬಿಕೊಂಡೆವು, ಸರ್ಟಿಫಿಕೇಟ್ ತಗೊಂಡೆವು. ಸೋಮವಾರ ಬೆಳಗ್ಗೆ ಮೀಟಿಂಗಿನಲ್ಲಿ 'ಡಿಸ್ಪ್ಯಾಚ್ ಯಾಕೆ ಆಗಿಲ್ಲ?' ಎಂದು ಮೇಜು ಕುಟ್ಟಿದವರು, ಭಾನುವಾರ ನನ್ನನ್ನು ತಬ್ಬಿಕೊಂಡವರೇ. ಆ ಸರ್ಟಿಫಿಕೇಟ್ ಈಗಲೂ ಇದೆ. ನಮ್ಮ ಬೀರುವಿನ ಬಾಗಿಲು ಸರಿಯಾಗಿ ಕೂರಲಿ ಅಂತ ಮಡಚಿ ಸಂದಿಗೆ ಸಿಕ್ಕಿಸಿದ್ದೇವೆ.

ನಾನು ಕೋಚಿಂಗ್ ಕಲಿತದ್ದು ಗಂಟಲು ಕಟ್ಟಿದಾಗ. ಮೆಷಿನ್ ಸದ್ದಿನಲ್ಲಿ ಕೂಗಿ ಕೂಗಿ ಒಂದು ದಿನ ಧ್ವನಿಯೇ ಹೋಯಿತು. 'ಒಂದು ವಾರ ಪಿಸುಮಾತೂ ಆಡಬೇಡಿ' ಅಂದರು ಡಾಕ್ಟರು. ರಜೆ ಹಾಕುವಂತಿರಲಿಲ್ಲ. ಜೇಬಿನಲ್ಲಿ ಸಣ್ಣ ನೋಟ್‌ಬುಕ್ ಇಟ್ಟುಕೊಂಡು ಕೆಲಸಕ್ಕೆ ಹೋದೆ.

ಆಗ ಸಿಎನ್‌ಸಿ ಲೇತ್‌ನಲ್ಲಿ, ಅಂದರೆ ಕಂಪ್ಯೂಟರ್ ನಡೆಸುವ ಕಡೆಯುವ ಮೆಷಿನ್ನಿನಲ್ಲಿ, ಒಂದು ಬುಷ್ (ನಡುವೆ ತೂತಿರುವ ಕೊಳವೆಯಂಥ ಭಾಗ) ಓಡುತ್ತಿತ್ತು. ಒಳ ವ್ಯಾಸ 25 ಮಿ.ಮೀ., ಅಳತೆಯ ಮಿತಿ ಎಚ್7. ಅಂದರೆ 25.000ದಿಂದ 25.021ರ ಒಳಗೇ ಇರಬೇಕು. ಕೂದಲೆಳೆಯ ದಪ್ಪದಷ್ಟೂ ಆಚೀಚೆ ಆಗುವಂತಿಲ್ಲ. ದಿನಾ ಏಳೆಂಟು ಪೀಸ್ ರಿಜೆಕ್ಟ್. ಸೈಜ್ ತಪ್ಪಿದಾಗಲೆಲ್ಲ ಆಪರೇಟರ್ ಹುಡುಗ ನನ್ನ ಹತ್ತಿರ ಓಡಿ ಬರುತ್ತಿದ್ದ. ನಾನು ಮೆಷಿನ್ ಕಡೆ ತಿರುಗಿಯೂ ನೋಡದೆ 'ಆಫ್‌ಸೆಟ್ ಹತ್ತು ಮೈಕ್ರಾನ್ ಕಡಿಮೆ ಮಾಡೋ' ಅನ್ನುತ್ತಿದ್ದೆ (ಆಫ್‌ಸೆಟ್ ಅಂದರೆ ಸೈಜ್ ಸರಿಪಡಿಸಲು ಮೆಷಿನ್‌ಗೆ ಕೊಡುವ ತಿದ್ದುಪಡಿ; ಮೈಕ್ರಾನ್ ಅಂದರೆ ಮಿ.ಮೀ.ನ ಸಾವಿರದಲ್ಲೊಂದು ಪಾಲು). ಮಾಡುತ್ತಿದ್ದ. ಅರ್ಧ ಗಂಟೆಗೆ ಮತ್ತೆ ಹಾಜರು: 'ಸಾರ್, ಈಗ ಸೈಜ್ ಕಮ್ಮಿ ಬರ್ತಿದೆ.' ಹೀಗೇ ತಿಂಗಳುಗಟ್ಟಲೆ.

ಗಂಟಲು ಕಟ್ಟಿದ ದಿನವೂ ಬಂದ. ಹೇಳೋಕೆ ಬಾಯಿಲ್ಲ. 'ಯಾವಾಗ ಹೀಗಾಗುತ್ತೆ?' ಎಂದು ಬರೆದು ತೋರಿಸಿದೆ. ತಬ್ಬಿಬ್ಬಾದ. 'ಯಾವಾಗ ಅಂದ್ರೆ... ಸುಮ್ನೆ ಆಗುತ್ತೆ ಸಾರ್.' ನಾನು ನಿಂತೇ ಇದ್ದೆ. ಬಾಯಿ ಸರಿಯಿದ್ದರೆ ಆ ಹೊತ್ತಿಗೆ ಉತ್ತರ ಹೇಳಿ ನಾಲ್ಕು ಮೆಷಿನ್ ದಾಟಿರುತ್ತಿದ್ದೆ. ಅವನು ಪೀಸನ್ನು ಕೈಯಲ್ಲಿ ತಿರುಗಿಸುತ್ತಾ ನಿಂತ. ಆಮೇಲೆ ಅಂದ, 'ಟೀ ಆದ್ಮೇಲೆ ಜಾಸ್ತಿ ಅನ್ಸುತ್ತೆ.' ಅವತ್ತಿನಿಂದ ಕೆಟ್ಟ ಪೀಸುಗಳ ಮೇಲೆಲ್ಲ ಮಾರ್ಕರ್‌ನಲ್ಲಿ ಟೈಮ್ ಬರೆದಿಡತೊಡಗಿದ. ನಾನು ಹೇಳಿದ್ದಲ್ಲ, ಅವನಿಗೇ ಹೊಳೆದದ್ದು. ಮೂರನೇ ದಿನ ಸಾಲಾಗಿ ಜೋಡಿಸಿ ತೋರಿಸಿದ. ಟೀ, ಊಟ ಮುಗಿಸಿ ಬಂದ ಮೇಲಿನ ಮೊದಲ ಮೂರು-ನಾಲ್ಕು ಪೀಸುಗಳೇ ಕೆಟ್ಟಿದ್ದವು. ಮೆಷಿನ್ ನಿಂತರೆ ತಣ್ಣಗಾಗುತ್ತದೆ, ಒಳಗಿನ ಸ್ಪಿಂಡಲ್, ಬಾಲ್‌ಸ್ಕ್ರೂನಂಥ ಭಾಗಗಳು ಕುಗ್ಗುತ್ತವೆ, ಮತ್ತೆ ಬಿಸಿಯಾಗುವ ತನಕ ಸೈಜ್ ಆಟ ಆಡಿಸುತ್ತದೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅವನನ್ನು ಒಂದು ಸಲವೂ ಕೇಳಿರಲಿಲ್ಲವಲ್ಲ!

ಪರಿಹಾರವೂ ಅವನದೇ. ಟೀಗೆ ಹೋಗುವಾಗ ಮೆಷಿನ್ ನಿಲ್ಲಿಸದೆ, ಪೀಸ್ ಹಾಕದೆ, ವಾರ್ಮ್‌ಅಪ್ ಪ್ರೋಗ್ರಾಂ ಓಡಿಸಿ ಹೋಗುವುದು. ಆ ಸಂಜೆ ಶಿಫ್ಟ್ ಬಿಟ್ಟ ಮೇಲೆ ಹತ್ತು ನಿಮಿಷ ನಿಂತು ರಾತ್ರಿ ಪಾಳಿಯವನಿಗೂ ತೋರಿಸಿಕೊಟ್ಟ. ಅಲ್ಲಿಯವರೆಗೆ 'ಅವನು ಆಫ್‌ಸೆಟ್ ಕೆಡಿಸಿ ಹೋಗ್ತಾನೆ' ಎಂದು ಇಬ್ಬರೂ ಒಬ್ಬರ ಮೇಲೊಬ್ಬರು ದೂರು ಹೇಳುತ್ತಿದ್ದವರು.

ನಾಚಿಕೆಯ ಮಾತೆಂದರೆ, ಇದನ್ನು ನಾನು ಚಿಕ್ಕ ವಯಸ್ಸಿನಲ್ಲೇ ನೋಡಿದ್ದೆ. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದಲ್ಲಿ ಶುರುವಾದ ನಮ್ಮ ಎಚ್‌ಎಂಟಿಯಲ್ಲಿ ನಾನು ಅಪ್ರೆಂಟಿಸ್ ಆಗಿದ್ದೆ. ಕಬ್ಬಿಣದ ತುಂಡು ಕೊಟ್ಟು, ಅರದಿಂದ ಉಜ್ಜಿ ಚೌಕ ಮಾಡು ಅನ್ನುತ್ತಿದ್ದರು. ವಾರಗಟ್ಟಲೆ ಅದೇ ಕೆಲಸ. ತೆಗೆದುಕೊಂಡು ಹೋದರೆ ನಮ್ಮ ಮೇಷ್ಟ್ರು ಟ್ರೈಸ್ಕ್ವೇರ್ (ಮೂಲೆಮಟ್ಟ) ಇಟ್ಟು ಕಿಟಕಿಯ ಕಡೆ ಹಿಡಿದು, 'ಎಲ್ಲಿ ಬೆಳಕು ತೂರಿ ಬರ್ತಿದೆ ನೋಡು' ಅಂತ ವಾಪಸ್ ಕೊಡುತ್ತಿದ್ದರು. ಇಲ್ಲಿ ಉಜ್ಜು ಅಂತ ಒಂದು ದಿನವೂ ಹೇಳಲಿಲ್ಲ. 'ಇಂಥವರ ಗರಡಿಯಲ್ಲಿ ಪಳಗಿದವನು' ಅನ್ನುತ್ತೇವಲ್ಲ, ಅದು ಇದೇ. ಗರಡಿಯಲ್ಲಿ ಉಸ್ತಾದನೂ ಮಣ್ಣಿಗಿಳಿಯಬೇಕು. ಪಕ್ಕದಲ್ಲಿ ನಿಂತು ಹಗ್ಗದ ಆಟ ಆಡಿಸಿದರೆ ಪಟ್ಟು ಬರುವುದಿಲ್ಲ.

ದೊಡ್ಡ ಕಂಪನಿಗಳ ಉದಾಹರಣೆ ಕೊಡುವವರು ಅದನ್ನು ಪೂರ್ತಿ ಕೊಡಬೇಕು. ಒಳ್ಳೆಯ ಮ್ಯಾನೇಜರ್ ಹೇಗಿರುತ್ತಾರೆ ಅಂತ ಗೂಗಲ್ ತನ್ನದೇ ಜನರ ನಡುವೆ ಅಧ್ಯಯನ ಮಾಡಿ ಎಂಟು ಗುಣಗಳ ಪಟ್ಟಿ ಮಾಡಿತ್ತು. ಪ್ರಾಜೆಕ್ಟ್ ಆಕ್ಸಿಜನ್ ಅಂತ ಅದರ ಹೆಸರು. ಪಟ್ಟಿಯಲ್ಲಿ ಮೊದಲನೆಯದು ಒಳ್ಳೆಯ ಕೋಚ್ ಆಗಿರುವುದು. ತಾಂತ್ರಿಕ ಪರಿಣತಿ ಕಟ್ಟಕಡೆಯದು. ಎಂಜಿನಿಯರುಗಳೇ ತುಂಬಿರುವ ಕಂಪನಿಯ ಮಾತಿದು! ಮೈಕ್ರೋಸಾಫ್ಟ್‌ನಲ್ಲಿ ನಮ್ಮ ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದಿದ ಸತ್ಯ ನಾದೆಲ್ಲಾ ಕೋಚಿಂಗನ್ನೂ ಮ್ಯಾನೇಜರುಗಳ ಕೆಲಸದ ಭಾಗವಾಗಿ ಮಾಡಿದರು ಅಂತ ಎಲ್ಲರೂ ಹೇಳುತ್ತಾರೆ. ಅವರು ಸಿಇಒ ಆದದ್ದು 2014ರ ಫೆಬ್ರವರಿಯಲ್ಲಿ. ಅದಕ್ಕೂ ಮೊದಲೇ, 2013ರ ನವೆಂಬರಿನಲ್ಲಿ, ಪ್ರತಿ ತಂಡದಲ್ಲೂ ಇಷ್ಟು ಜನರನ್ನು ಕೆಳಗೆ ಹಾಕಲೇಬೇಕು ಅನ್ನುವ ರ‍್ಯಾಂಕಿಂಗ್ ಪದ್ಧತಿಯನ್ನು ಆ ಕಂಪನಿ ಕಿತ್ತುಹಾಕಿತ್ತು. ಇದನ್ನು ಮಾತ್ರ ಯಾರೂ ಹೇಳುವುದಿಲ್ಲ. ಪಕ್ಕದವನಿಗೆ ಹೇಳಿಕೊಟ್ಟರೆ ನನ್ನ ಇನ್‌ಕ್ರಿಮೆಂಟಿಗೇ ಕತ್ತರಿ ಅಂತಿರುವ ಕಡೆ ಯಾವ ಹುಚ್ಚ ಹೇಳಿಕೊಡುತ್ತಾನೆ? ನಮ್ಮ ಕಂಪನಿಯಲ್ಲಿ 'ಬೆಲ್ ಕರ್ವ್' ಅನ್ನುವ ಅದೇ ಪದ್ಧತಿ ಹಾಗೇ ಇತ್ತು, ಗೋಡೆಯ ಮೇಲೆ 'ಟೀಮ್‌ವರ್ಕ್' ಪೋಸ್ಟರ್ ಕೂಡ ಇತ್ತು.

ಸಾಫ್ಟ್‌ವೇರಿನವರು ನಮಗಿಂತ ವಾಸಿ ಅಂದುಕೊಂಡಿದ್ದೆ. 'ಅಜೈಲ್', ಅಂದರೆ ಸಣ್ಣ ಸಣ್ಣ ಹಂತಗಳಲ್ಲಿ ಚುರುಕಾಗಿ ಕೆಲಸ ಮಾಡುವ ಕ್ರಮ, ಅನ್ನುವ ಪದವನ್ನು ಊರೆಲ್ಲ ಹಬ್ಬಿಸಿದವರು ಅವರೇ ತಾನೇ. 2001ರಲ್ಲಿ ಹದಿನೇಳು ಜನ ಅಮೆರಿಕದ ಯೂಟಾದಲ್ಲಿ ಸೇರಿ ಬರೆದ ಪ್ರಣಾಳಿಕೆಯಿಂದ ಬಂದದ್ದು ಅದು. ನನ್ನ ಮಗಳನ್ನು ಕೇಳಿದರೆ ನಗುತ್ತಾಳೆ. 'ಅಪ್ಪಾ, ದಿನಾ ಹದಿನೈದು ನಿಮಿಷದ ಸ್ಟ್ಯಾಂಡ್‌ಅಪ್ ಮೀಟಿಂಗ್. ಮ್ಯಾನೇಜರ್ ಒಬ್ಬರೇ ಮುಕ್ಕಾಲು ಗಂಟೆ ಮಾತಾಡ್ತಾರೆ. ನಾವು ಕ್ಯಾಮೆರಾ ಆಫ್ ಮಾಡಿ ದೋಸೆ ತಿಂತೀವಿ.'

ಎಲ್ಲ ಕಡೆಯೂ ಪ್ರಶ್ನೆ ಕೇಳುತ್ತಾ ನಿಲ್ಲಿ ಅಂತ ನಾನು ಹೇಳುತ್ತಿಲ್ಲ. ಪ್ರೆಸ್ ಮೆಷಿನ್ ಕೆಳಗೆ ಕೈ ಇಡುತ್ತಿರುವವನ ಹತ್ತಿರ 'ನಿನಗೇನನ್ಸುತ್ತಪ್ಪಾ' ಅಂತ ಕೇಳೋಕಾಗುತ್ತಾ? ಅಲ್ಲಿ ಕೂಗಬೇಕು. ಮಾಲಿಗಾಗಿ ಗೇಟಿನ ಹತ್ತಿರ ಲಾರಿ ಕಾದು ನಿಂತಿದ್ದಾಗಲೂ ಅಷ್ಟೇ. ಆದರೆ ನಮ್ಮಲ್ಲಿ ದಿನವಿಡೀ ಲಾರಿ ನಿಂತೇ ಇರುತ್ತದೆ ಅನ್ನುವ ಹಾಗೆ ಆಡುತ್ತೇವೆ.

ಪೀಣ್ಯದ ಮಾಲೀಕರ ಬಾಯಲ್ಲಿ ಕೇಳಿಬರುವ ಇನ್ನೊಂದು ಮಾತು: 'ಕಲಿಸಿದರೆ ಬಿಟ್ಟು ಹೋಗ್ತಾನೆ. ಬಿಡದಿ, ನರಸಾಪುರದ ಕಾರ್ಖಾನೆಯವರು ಎತ್ತಿಕೊಂಡು ಹೋಗ್ತಾರೆ.' ಹೋಗುತ್ತಾರೆ, ನಿಜ. ನನ್ನ ಕೈಕೆಳಗಿನ ಮೂವರು ಹಾಗೆ ಹೋದರು. ಕಲಿಸದೆ ಬಿಟ್ಟವರೂ ಹೋದರು. ಅವರು ಹೋಗಿದ್ದು ನಮಗೆ ಗೊತ್ತೂ ಆಗಲಿಲ್ಲ, ಅಷ್ಟೇ.

ನನ್ನ ಕೋರಿಕೆ ಸಣ್ಣದು. ರೆಸಾರ್ಟಿನ ದುಡ್ಡು ಉಳಿಸಿ, ಶಿಫ್ಟ್ ಬದಲಾಗುವಾಗ ಹದಿನೈದು ನಿಮಿಷ ಎರಡೂ ಪಾಳಿಯವರು ಮೆಷಿನ್ ಮುಂದೆ ಒಟ್ಟಿಗೆ ನಿಲ್ಲುವಂತೆ ಮಾಡಿ. ಆ ಹದಿನೈದು ನಿಮಿಷಕ್ಕೂ ಸಂಬಳ ಕೊಡಿ. ಮ್ಯಾನೇಜರಿಗೆ ಇನ್‌ಕ್ರಿಮೆಂಟ್ ಬರೆಯುವಾಗ ಡಿಸ್ಪ್ಯಾಚ್ ಜೊತೆಗೆ ಇನ್ನೊಂದು ಪ್ರಶ್ನೆ ಸೇರಿಸಿ: ಈ ವರ್ಷ ನಿನ್ನ ಕೈಕೆಳಗೆ ಸೆಟ್ಟರ್ ಆದವರು ಯಾರು, ಸೂಪರ್‌ವೈಸರ್ ಆದವರು ಯಾರು? ಬಹುಮಾನ ಕೊಡುವುದಿದ್ದರೆ ನಮ್ಮ ರಾಹುಲ್ ದ್ರಾವಿಡ್ ಅವರನ್ನು ನೆನೆಯಿರಿ. 2018ರಲ್ಲಿ ಅವರ ಹುಡುಗರು 19 ವರ್ಷದೊಳಗಿನವರ ವಿಶ್ವಕಪ್ ಗೆದ್ದಾಗ ಕ್ರಿಕೆಟ್ ಮಂಡಳಿ ಕೋಚ್ ಆಗಿದ್ದ ಅವರಿಗೆ 50 ಲಕ್ಷ, ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ ಅಂದಿತ್ತು. ಎಲ್ಲರಿಗೂ ಒಂದೇ ಇರಲಿ ಅಂತ ಪಟ್ಟು ಹಿಡಿದು ತಾವೂ 25 ಲಕ್ಷಕ್ಕೆ ಇಳಿದರು.

ಹೋದ ತಿಂಗಳು ಪಿಎಫ್ ಕಾಗದಕ್ಕೆ ಸಹಿ ಹಾಕಿಸಲು ಹಳೇ ಕಾರ್ಖಾನೆಗೆ ಹೋಗಿದ್ದೆ. ಬುಷ್ ಮಾಡುತ್ತಿದ್ದ ಹುಡುಗ ಈಗ ಶಿಫ್ಟ್ ಇನ್‌ಚಾರ್ಜ್. ಹೊಸ ಹುಡುಗಿಯೊಬ್ಬಳು ತೂತಿನ ಒಳ ಅಳತೆ ನೋಡುವ ಬೋರ್ ಗೇಜ್ ಹಿಡಿದು ಒದ್ದಾಡುತ್ತಿದ್ದಳು. ಇವನು ಕೈಕಟ್ಟಿ ಸುಮ್ಮನೆ ನಿಂತಿದ್ದ. ಅವಳು ಗೇಜನ್ನು ಓರೆ ಹಿಡಿದಿದ್ದು ನನಗೆ ದೂರದಿಂದಲೇ ಕಂಡಿತು. ಹೇಳೋಣ ಅಂತ ಬಾಯಿ ತೆಗೆದೆ. ಅವನು ನನ್ನ ಕಡೆ ತಿರುಗದೆಯೇ ಕೈ ಎತ್ತಿ ತಡೆದ.

ಇಂತಿ,
ನಿವೃತ್ತ ಪ್ರೊಡಕ್ಷನ್ ಮ್ಯಾನೇಜರ್
ದಾಸರಹಳ್ಳಿ, ಬೆಂಗಳೂರು