ಹೆಸರಿಲ್ಲದ ಆ ಬಿಳಿ ಡಬ್ಬಿ

ಸಿರುಗುಪ್ಪ

ಮಗಳೇ,

ಆ ಬೆಳ್ಳಗಾಗೋ ಕ್ರೀಮಿನ ವಿಷಯಕ್ಕೆ ಆ ರಾತ್ರಿ ಫೋನಿನಲ್ಲಿ ನಾನೇನಂದೆ, ನೀನೇನಂದೆ ಅನ್ನೋದು ಇಬ್ಬರಿಗೂ ನೆನಪಿದೆ. ಅದನ್ನೆಲ್ಲ ಮತ್ತೆ ಬರೆಯೋದಿಲ್ಲ. ಜೋರು ಮಾಡಿದ್ದಕ್ಕೆ ಬೇಜಾರು ಮಾಡ್ಕೋಬೇಡ. ನಿಮ್ಮವ್ವ ಇನ್ನೂ ನನ್ನ ಜೊತೆ ಸರಿಯಾಗಿ ಮಾತಾಡ್ತಿಲ್ಲ, ಅದೂ ನಿನಗೆ ಗೊತ್ತಿರಲಿ.

ಒಂದು ಮಾತು ಮಾತ್ರ ಎತ್ತುತ್ತೇನೆ. "ನೀನು ರಾವಣನಿಗೆ ಬಣ್ಣ ಹಚ್ಚೋನು ಅಪ್ಪಾ, ಕೆಲಸಕ್ಕೆ ಹೋಗೋ ಹುಡುಗಿ ಮುಖ ನಿನಗೇನು ಗೊತ್ತು" ಅಂದೆ. ಗೊತ್ತು ಮಗಳೇ. ನಿಮ್ಮಜ್ಜ ಬಯಲಾಟಕ್ಕೆ ಬಣ್ಣ ಹಚ್ಚಿದರು, ನಾನೂ ಅದನ್ನೇ ಮಾಡಿಕೊಂಡು ಬಂದೆ. ಊರೂರಿನ ದೊಡ್ಡಾಟದಿಂದ ಹಿಡಿದು ಬಳ್ಳಾರಿಯ ರಾಘವ ಕಲಾಮಂದಿರದ ನಾಟಕದವರೆಗೆ ಎಷ್ಟೋ ಮುಖ ಈ ಕೈಯಲ್ಲಿ ಹೋಗಿವೆ. ಮುಖ ನೋಡಿದರೆ ಚರ್ಮಕ್ಕೆ ಏನಾಗಿದೆ ಅಂತ ನನಗೆ ಗೊತ್ತಾಗುತ್ತದೆ. ಅವತ್ತು ವಿಡಿಯೋದಲ್ಲಿ ನಿನ್ನ ಮುಖ ಒಂದು ಬಣ್ಣ, ಕುತ್ತಿಗೆ ಇನ್ನೊಂದು ಬಣ್ಣ ಕಂಡಿತು. ಪೌಡರ್ ಇರಬಹುದು ಅಂದುಕೊಂಡೆ. ನೀನು "ಮುಖ ತೊಳೆದುಕೊಂಡು ಕೂತಿದ್ದೀನಿ" ಅಂದಾಗ ನನ್ನ ಎದೆ ಝಲ್ ಅಂದಿತು. ಪಿಜಿಯಲ್ಲಿ ಗೆಳತಿ ಕೊಟ್ಟ ಕ್ರೀಮಿನ ಬಿಳಿ ಡಬ್ಬಿ, ಮೇಲೆ ಹೆಸರಿಲ್ಲ, ಒಂದು ವಾರದಲ್ಲೇ ಬೆಳ್ಳಗಾಗ್ತಾರೆ ಅಂದೆಯಲ್ಲ, ಅಲ್ಲಿಂದ ನನಗೆ ನಿದ್ದೆ ಸರಿಯಾಗಿಲ್ಲ.

ನಿಮ್ಮ ಸಣ್ಣತ್ತೆ ಬಿಸಿಲಿಗೆ ಹೊರಟರೆ ಮುಖದ ತುಂಬ ಸೆರಗು ಯಾಕೆ ಹೊದೀತಾಳೆ ಅಂತ ನೀನು ಸಣ್ಣವಳಿದ್ದಾಗ ಕೇಳಿದ್ದೆ. ನಮ್ಮ ಬಿಸಿಲೇ ಹಾಗೆ ಅಂದು ನಾನು ಮಾತು ತೇಲಿಸಿದ್ದೆ. ಈಗ ಹೇಳುತ್ತೇನೆ.

ಅವಳಿಗೆ ಕಾರಟಗಿ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಹುಡುಗನ ತಾಯಿ ಎಲ್ಲ ನೋಡಿ, "ಹುಡುಗಿ ಲಕ್ಷಣವಾಗಿದ್ದಾಳೆ, ಬಣ್ಣ ಒಂದೀಟು ಕಡಿಮೆ" ಅಂದು ಹೋದರು. ಅಷ್ಟೇ ಮಾತು. ಇವಳು ಯಾರಿಗೂ ಹೇಳದೆ ಮೆಡಿಕಲ್ ಅಂಗಡಿಯಿಂದ ಒಂದು ಟ್ಯೂಬ್ ತಂದಳು. ತುರಿಕಜ್ಜಿಗೆ ಹಚ್ಚೋ ಮುಲಾಮು ಅದು. ಚೀಟಿ ಕೇಳದೆ ಕೊಟ್ಟರು. ಮೊದಲ ಕೆಲವು ವಾರ ಮುಖ ಎಷ್ಟು ಹೊಳೆಯಿತು ಅಂದರೆ ಓಣಿಯವರೆಲ್ಲ ಕೇಳೋರು. ಮೊಡವೆ ಇಲ್ಲ, ಕಲೆ ಇಲ್ಲ. ನಿಮ್ಮಜ್ಜಿ ದೃಷ್ಟಿ ತೆಗೆದರು. ಸಂಬಂಧವೂ ಗಟ್ಟಿಯಾಯಿತು.

ಮದುವೆ ದಿನ ಅವಳಿಗೆ ಬಣ್ಣ ಹಚ್ಚಿದ್ದು ನಾನೇ. ಗಲ್ಲದ ಮೇಲೆ ಬೆರಳಿಟ್ಟೆ. ಈರುಳ್ಳಿಯ ಒಳಸಿಪ್ಪೆ ಮುಟ್ಟಿದ ಹಾಗೆ ಇತ್ತು ಆ ಚರ್ಮ. ಕೆಳಗಿನ ಸಣ್ಣ ಸಣ್ಣ ಕೆಂಪು ನರ ಕಾಣುತ್ತಿದ್ದವು. ಬರೀ ಸ್ನೋ ಹಚ್ಚಿದರೂ "ಅಣ್ಣಾ, ಉರೀತದ" ಅಂದಳು. ಒದ್ದೆ ಬಟ್ಟೆ ಇಟ್ಟು, ಬೀಸಣಿಗೆ ಹಾಕಿ, ಹೇಗೋ ಅಕ್ಷತೆ ಹೊತ್ತಿಗೆ ತಯಾರು ಮಾಡಿದೆ. ಆಮೇಲೆ ಟ್ಯೂಬಿನ ವಿಷಯ ಹೊರಬಿತ್ತು. ಎಲ್ಲರೂ ಬೈದರು, ಅವಳು ಒಂದೇ ದಿನದಲ್ಲಿ ಬಿಟ್ಟಳು. ಬಿಟ್ಟ ಮೇಲೆ ಇನ್ನೂ ಜಾಸ್ತಿಯಾಯಿತು. ಮುಖ ಕೆಂಡ ಕೆಂಡವಾಯಿತು, ಕೀವು ತುಂಬಿದ ಗುಳ್ಳೆ, ದವಡೆ ಉದ್ದಕ್ಕೂ ಕೂದಲು. ಹೊಸ ಮನೆಯಲ್ಲಿ ಹೊಸ ಸೊಸೆ, ರೊಟ್ಟಿ ಬಡಿಯಲು ಒಲೆ ಮುಂದೆ ಕೂರಲಿಕ್ಕೆ ಆಗುತ್ತಿರಲಿಲ್ಲ. ಅದನ್ನು ಹೇಳಿಕೊಳ್ಳಲಿಕ್ಕೂ ಆಗದೆ ಅಲ್ಲೇ ಕೂತು ರೊಟ್ಟಿ ಬಡಿದಳು.

ಬಳ್ಳಾರಿಯ ಚರ್ಮದ ಡಾಕ್ಟರ್ ಹತ್ತಿರ ನಾನೇ ಕರೆದುಕೊಂಡು ಹೋದೆ. ಅದು ಸ್ಟೀರಾಯ್ಡ್ ಇರುವ ಔಷಧ ಅಂದರು. ರೋಗಕ್ಕೆ ಡಾಕ್ಟರ್ ಹೇಳಿದಷ್ಟು ದಿನ ಹಚ್ಚಿದರೆ ಒಳ್ಳೆಯದೇ, ಬೆಳ್ಳಗಾಗಲಿಕ್ಕೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗಿ, ಅದಿಲ್ಲದೆ ಇರಲಾರದ ಹಾಗೆ ಆಗುತ್ತದಂತೆ. ಏಕಾಏಕಿ ಬಿಟ್ಟರೆ ಹೀಗೇ ಕೆರಳುತ್ತದಂತೆ. ಸರಿಹೋಗಲಿಕ್ಕೆ ವರ್ಷಗಳೇ ಬೇಕಾದವು. ಬಣ್ಣ ಮೊದಲಿನದೇ ಬಂತು. ಗಲ್ಲದ ನರ ಮಾತ್ರ ಹಾಗೇ ಉಳಿದವು. ಈಗ 2018ರಿಂದ ಇಂಥ ಸ್ಟೀರಾಯ್ಡ್ ಮುಲಾಮುಗಳನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದು ಅಂತ ಸರಕಾರವೇ ನಿಯಮ ಬಿಗಿ ಮಾಡಿದೆ. ಆದರೂ ಹೆಸರಿಲ್ಲದ ಡಬ್ಬಿಯಲ್ಲಿ ಏನು ಕಲಸಿದ್ದಾರೆ ಅಂತ ಯಾರು ನೋಡುತ್ತಾರೆ?

ನಿನ್ನ ಡಬ್ಬಿಯ ಬಗ್ಗೆ ನನಗೆ ಇನ್ನೊಂದು ಭಯ, ಪಾದರಸದ್ದು. ನಿಮ್ಮಜ್ಜನ ಕಾಲದಲ್ಲಿ ವೇಷಕ್ಕೆ ಅರದಾಳ, ಇಂಗಳೀಕ ಅರೆದು ಹಚ್ಚುತ್ತಿದ್ದರು. ಹಳದಿಯ ಅರದಾಳದಲ್ಲಿ ಇರೋದು ಆರ್ಸೆನಿಕ್, ಕೆಂಪು ಇಂಗಳೀಕದಲ್ಲಿ ಇರೋದು ಪಾದರಸ. ಬಣ್ಣ ಅರೆದ ಕೈಯಲ್ಲಿ ಊಟ ಮಾಡಬಾರದು ಅಂತ ಅಜ್ಜ ನಮ್ಮನ್ನು ಗದರಿಸುತ್ತಿದ್ದರು. ಅವರು ಶಾಲೆಗೆ ಹೋದವರಲ್ಲ, ಅಷ್ಟು ಮಾತ್ರ ಅವರಿಗೆ ಗೊತ್ತಿತ್ತು. ನಾನು ಆ ಬಣ್ಣಗಳನ್ನು ಯಾವತ್ತೋ ಬಿಟ್ಟೆ. ಆಟದವರು ಬಿಟ್ಟ ಪಾದರಸ ಈಗ ಬೆಳ್ಳಗಾಗುವ ಕ್ರೀಮಿನಲ್ಲಿ ಸಿಗುತ್ತದೆ ಅಂದರೆ ಹೊಟ್ಟೆ ಉರಿಯುತ್ತದೆ. ಚರ್ಮದಲ್ಲಿ ಬಣ್ಣ ತಯಾರಾಗೋದನ್ನೇ ಪಾದರಸ ತಡೆಯುತ್ತದೆ, ಅದಕ್ಕೇ ಅಷ್ಟು ಬೇಗ ಬೆಳ್ಳಗೆ ಕಾಣೋದು. ಅದು ಚರ್ಮದಲ್ಲೇ ನಿಲ್ಲೋದಿಲ್ಲ, ರಕ್ತಕ್ಕೆ ಇಳಿಯುತ್ತದೆ, ಕಿಡ್ನಿಗೆ ಹೋಗುತ್ತದೆ. 2023ರಲ್ಲಿ ಕೇರಳದ ಮಲಪ್ಪುರಂ ಕಡೆ ಇಂಥ ಕ್ರೀಮು ಹಚ್ಚಿದವರ ಕಿಡ್ನಿಗೆ ತೊಂದರೆಯಾದ ಸುದ್ದಿ ಬಂದಿತ್ತು. ನಮ್ಮ ದೇಶದ 2020ರ ಕಾಸ್ಮೆಟಿಕ್ಸ್ ನಿಯಮದ ಪ್ರಕಾರ, ತಾನಾಗಿ ಸೇರಿಕೊಂಡ ಪಾದರಸವೂ ಮುಖದ ಕ್ರೀಮಿನಲ್ಲಿ 10 ಲಕ್ಷಕ್ಕೆ 1 ಪಾಲು ದಾಟುವಂತಿಲ್ಲ. ಬೇಕಂತಲೇ ಹಾಕುವ ಮಾತೇ ಇಲ್ಲ. ಡಬ್ಬಿಯ ಮೇಲೆ ತಯಾರಿಸಿದವರ ವಿಳಾಸ, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ತಾರೀಖು, ಒಳಗೆ ಏನೇನಿದೆ ಅನ್ನೋ ಪಟ್ಟಿ ಇರಲೇಬೇಕು. ಕ್ಯಾಲೊಮೆಲ್, ಮರ್ಕ್ಯುರಿ, ಮರ್ಕ್ಯುರಿಕ್ ಅಂತ ಎಲ್ಲಾದರೂ ಕಂಡರೆ ಮುಟ್ಟಬೇಡ, ಅವೆಲ್ಲ ಪಾದರಸದ ಹೆಸರುಗಳೇ. ಬಂಗಾರಕ್ಕೆ, ಬೆಳ್ಳಿಗೆ ತಾಗಿಸಬೇಡಿ ಅಂತ ಬರೆದಿದ್ದರೂ ಒಳಗೆ ಪಾದರಸ ಇರಬಹುದು ಅಂತಲೇ ಅರ್ಥ.

ಮುಖದ ಮೇಲೆ ಏನೂ ಹಚ್ಚಬೇಡ ಅಂತ ನಾನು ಹೇಳೋನಲ್ಲ. ಬಣ್ಣದಲ್ಲೇ ಬದುಕಿದವನು ನಾನು. ಆಸ್ಪತ್ರೆಯ ರಿಸೆಪ್ಷನ್‌ನಲ್ಲಿ ನಿಲ್ಲೋ ಕೆಲಸ, ಮುಖ ಚೆನ್ನಾಗಿರಬೇಕು ಅಂತ ಮೇಲಿನವರು ಹೇಳುತ್ತಾರೆ, ಬೆಳಿಗ್ಗೆ ಬಾತ್‌ರೂಮಿಗೆ ಸಾಲು, ಕೈಯಲ್ಲಿ ಹತ್ತು ನಿಮಿಷ. ಎಲ್ಲ ಅರ್ಥವಾಗುತ್ತದೆ. ಹತ್ತು ನಿಮಿಷ ಸಾಕು.

ನಾನು ರಾವಣನಿಗೆ ಹಚ್ಚೋ ಬಣ್ಣ ಐವತ್ತು ಅಡಿ ದೂರ ಕೂತವರಿಗೆ ಕಾಣಬೇಕು. ರಾತ್ರಿ ದೀಪದಲ್ಲಿ ಅದು ಭರ್ಜರಿಯಾಗಿರುತ್ತದೆ. ಬೆಳಗಿನ ಜಾವ ಮಂಗಳ ಹಾಡೋ ಹೊತ್ತಿಗೆ ಬಿಸಿಲು ಬೀಳುತ್ತದೆ ನೋಡು, ಆಗ ಅದೇ ಮುಖದಲ್ಲಿ ಬಿರುಕು, ಬೂದಿ, ಬೆವರಿನ ಗೆರೆ. ನಿನ್ನ ಮುಂದೆ ನಿಲ್ಲುವವರು ಒಂದು ಮೊಳ ದೂರದಲ್ಲಿ, ಹಗಲಲ್ಲಿ ನಿಲ್ಲುತ್ತಾರೆ. ಅಲ್ಲಿ ಜಾಸ್ತಿ ಹಚ್ಚಿದಷ್ಟೂ ಕೆಡುತ್ತದೆ.

ಮುಖ ತೊಳೆದು, ಇನ್ನೂ ಸ್ವಲ್ಪ ಹಸಿ ಇರುವಾಗಲೇ ಮಾಯಿಶ್ಚರೈಸರ್ ಹಚ್ಚು. ಹೊಳಪು ಅರ್ಧ ಬರೋದು ಇಲ್ಲಿಂದಲೇ. ಅದರ ಮೇಲೆ ಸನ್‌ಸ್ಕ್ರೀನ್, ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಮೇಲೆ, ಆ ಅಂಕಿ ಬಿಸಿಲು ತಡೆಯೋ ಬಲದ ಅಳತೆ. ಎರಡು ಬೆರಳಿನ ಉದ್ದಕ್ಕೆ ಹಿಂಡಿ, ಕುತ್ತಿಗೆಗೂ ಕಿವಿಗೂ ಸೇರಿಸಿ ಹಚ್ಚು. ಬೆಂಗಳೂರಿನಲ್ಲಿ ತಂಪಿದೆ ಅಂತ ಬಿಡಬೇಡ, ಮೋಡದಲ್ಲೂ ಚರ್ಮ ಸುಡೋ ಬಿಸಿಲಿನ ಕಿರಣ ಬರುತ್ತದೆ. ಬಸ್ಸಿಗೆ ಹೊರಡೋ ಕಾಲು ಗಂಟೆ ಮೊದಲೇ ಹಚ್ಚು. ಹಚ್ಚಿ ಜಡೆ ಹಾಕಿಕೊಂಡರೆ ಸಮಯ ಸರಿಹೋಗುತ್ತದೆ.

ಮುಖದ ತುಂಬ ಬಳಿಯೋ ಫೌಂಡೇಶನ್ ದಿನಾ ಬೇಡವೇ ಬೇಡ, ಇದು ನನ್ನ ಗಟ್ಟಿ ಅಭಿಪ್ರಾಯ. ನಿನ್ನ ಚರ್ಮ ಒಳ್ಳೆಯದು. ಕಣ್ಣಿನ ಕೆಳಗೆ ಮಾತ್ರ ನೋಡಿಕೋ. ಆಸ್ಪತ್ರೆಯ ದೀಪ ನೆತ್ತಿಯ ಮೇಲಿಂದ ಬೀಳುತ್ತದೆ, ಹಾಗಾಗಿ ಕಣ್ಣ ಕೆಳಗೆ ನೆರಳು ಕೂರುತ್ತದೆ, ಇಲ್ಲದ ದಣಿವು ಕಾಣುತ್ತದೆ. ಕಪ್ಪಿನ ಮೇಲೆ ಬಿಳಿ ಹಚ್ಚಿದರೆ ಬೂದಿ ಬಣ್ಣ ಬರುತ್ತದೆ. ಮೊದಲು ಆ ಕಪ್ಪನ್ನು ತಗ್ಗಿಸೋ ಪೀಚ್ ಅಥವಾ ಕಿತ್ತಳೆ ಛಾಯೆಯ ಕರೆಕ್ಟರ್ ಒಂದು ಚುಕ್ಕೆ, ಆಮೇಲೆ ಅದನ್ನು ಮುಚ್ಚೋ ನಿನ್ನದೇ ಬಣ್ಣದ ಕನ್ಸೀಲರ್ ಒಂದು ಚುಕ್ಕೆ. ಉಂಗುರದ ಬೆರಳಿಂದ ತಟ್ಟು, ಉಜ್ಜಬೇಡ. ಆ ಬೆರಳಿಗೆ ಬಲ ಕಡಿಮೆ, ಅಲ್ಲಿನ ಚರ್ಮಕ್ಕೆ ಅದೇ ಸರಿ.

ಕನ್ಸೀಲರ್ ಕೊಳ್ಳುವಾಗ ಅಂಗಡಿಯವರು ಕೈಯ ಮೇಲೆ ಹಚ್ಚಿ ತೋರಿಸುತ್ತಾರೆ. ಕೈ ಬೇರೆ ಬಣ್ಣ, ಮುಖ ಬೇರೆ ಬಣ್ಣ. ದವಡೆಯ ಹತ್ತಿರ ಹಚ್ಚಿಕೊಂಡು, ಅಂಗಡಿಯಿಂದ ಹೊರಗೆ ಬಂದು, ಹಗಲ ಬೆಳಕಲ್ಲಿ ಕನ್ನಡಿ ನೋಡು. ಎಲ್ಲಿ ಹಚ್ಚಿದ್ದೀಯ ಅಂತ ನಿನಗೇ ಗೊತ್ತಾಗಬಾರದು, ಅದು ನಿನ್ನ ಶೇಡ್. ಒಂದು ಶೇಡ್ ಬೆಳ್ಳಗಿರೋದು ತಗೊಳ್ಳಿ ಅಂತ ಯಾರಾದರೂ ಹೇಳಿದರೆ ಎದ್ದು ಬಾ.

ಲಿಪ್‌ಸ್ಟಿಕ್ ನಿನ್ನ ಬಣ್ಣಕ್ಕೆ ಇಟ್ಟಿಗೆ ಕೆಂಪು, ಇಲ್ಲವೇ ತಿಳಿ ಮರೂನ್ ಒಪ್ಪುತ್ತದೆ. ತಿಳಿ ಗುಲಾಬಿ ಸುಣ್ಣದ ಹಾಗೆ ಎದ್ದು ಕಾಣುತ್ತದೆ. ಬೆರಳಲ್ಲಿ ತೆಗೆದು ತುಟಿಗೆ ಒತ್ತು. ಬೆರಳಲ್ಲಿ ಉಳಿದಿದ್ದನ್ನು ನಕ್ಕಾಗ ಉಬ್ಬುವ ಗಲ್ಲದ ಮೇಲೆ ತಟ್ಟಿ ಹರಡು. ಬ್ಲಶ್ ಅಂತ ಬೇರೆ ದುಡ್ಡು ಹಾಕಬೇಡ. ಹುಬ್ಬಿಗೆ ಬ್ರಷ್ ಆಡಿಸು. ಕಾಡಿಗೆ ತೆಳ್ಳಗೆ, ಮೇಲಿನ ರೆಪ್ಪೆ ಬುಡಕ್ಕೆ ಹಚ್ಚಿದರೆ ಕಣ್ಣು ಎದ್ದು ಕಾಣುತ್ತವೆ, ಬೆವರಿಗೆ ಕೆಳಗೆ ಇಳಿಯೋದೂ ಕಡಿಮೆ. ಗೆಳತಿಯರ ಕಾಡಿಗೆ ನೀನು ಹಚ್ಚಬೇಡ, ನಿನ್ನದು ಅವರಿಗೆ ಕೊಡಬೇಡ, ಕಣ್ಣು ಬೇನೆ ಹರಡುತ್ತದೆ. ಸುರ್ಮಾ ಬೇಡ, ಎಷ್ಟೋ ಸುರ್ಮಾದಲ್ಲಿ ಸೀಸ ಇರುತ್ತದೆ. ಪೌಡರ್ ಹಣೆ ನಡುವೆ, ಮೂಗಿಗೆ, ಗದ್ದಕ್ಕೆ ಮಾತ್ರ. ಗಲ್ಲದ ಮೇಲೆ ಹಾಕಿದರೆ ಆ ಹೊಳಪೆಲ್ಲ ಸತ್ತುಹೋಗುತ್ತದೆ. ಎಲ್ಲ ಮುಗಿದ ಮೇಲೆ ಒಂದು ಸಣ್ಣ ಬೊಟ್ಟು ಇಟ್ಟರೆ ನಿಮ್ಮವ್ವನಿಗೆ ಸಂತೋಷ.

ರಾತ್ರಿ ಬಂದು ಎಷ್ಟೇ ಸುಸ್ತಾಗಿದ್ದರೂ ತೆಗೆದು ಮಲಗು. ನಮ್ಮವರು ಕೊಬ್ಬರಿಎಣ್ಣೆಯಲ್ಲಿ ಒರೆಸಿ ಕಡ್ಲೆಹಿಟ್ಟಲ್ಲಿ ತೊಳೆಯುತ್ತಾರೆ. ನಿನಗೆ ಮೊಡವೆ ಏಳುವ ಚರ್ಮ, ಕೊಬ್ಬರಿಎಣ್ಣೆ ರಂಧ್ರ ಮುಚ್ಚುತ್ತದೆ, ನಿನಗೆ ಬಣ್ಣ ಒರೆಸಿ ತೆಗೆಯೋ ಮೈಸೆಲ್ಲರ್ ನೀರು ಸಾಕು. ಡಬ್ಬಿಗಳ ಹಿಂದೆ ಮುಚ್ಚಳ ತೆರೆದ ಚಿತ್ರ ಇರುತ್ತದೆ, ಅದರಲ್ಲಿ 6 ಎಂ, 12 ಎಂ ಅಂತ ಇರುತ್ತದೆ. ತೆರೆದ ಮೇಲೆ ಅಷ್ಟು ತಿಂಗಳಷ್ಟೇ.

ಉಪದೇಶ ಜಾಸ್ತಿಯಾಯಿತು ಅಲ್ವಾ. ಹೇಳಬೇಕಾದವರು ಯಾರಾದರೂ ಅವತ್ತು ನಿಮ್ಮ ಸಣ್ಣತ್ತೆಗೆ ಇಷ್ಟು ಹೇಳಿದ್ದರೆ! ಮತ್ತೆ ಅವಳ ಹತ್ತಿರಕ್ಕೇ ಬಂದೆ ನೋಡು. ಆ ಮದುವೆ ಮನೆಯಲ್ಲಿ ಕನ್ನಡಿ ಮುಂದೆ ಕಣ್ಣು ಮುಚ್ಚಿ ಕೂತು, ಉರಿ ತಡೆಯಲಿಕ್ಕೆ ನನ್ನ ಮಣಿಕಟ್ಟು ಹಿಡಿದುಕೊಂಡಿದ್ದಳು. ಬಿಡು ಅಂದರೂ ಬಿಡಲಿಲ್ಲ. ನೀನು ಅವಳ ಹಾಗೇ ಇದ್ದೀಯ, ಅದೇ ಬಣ್ಣ, ಅದೇ ಗಲ್ಲ. ವಿಡಿಯೋದಲ್ಲಿ ನಿನ್ನನ್ನು ನೋಡಿದಾಗ ನನಗೆ ಕಂಡಿದ್ದು ಅವಳೇ. ನನ್ನ ಧ್ವನಿ ಏರಿದ್ದು ಅದಕ್ಕೆ.

ನಮ್ಮ ಮನೆಯಲ್ಲಿ ತಿಂಗಳ ಸಂಬಳ ತಗೊಂಡ ಮೊದಲ ಮನುಷ್ಯಳು ನೀನು. ಆ ಐಡಿ ಕಾರ್ಡಿನ ಫೋಟೋ ನಾನು ಆಟದವರಿಗೆಲ್ಲ ತೋರಿಸಿದ್ದೇನೆ. ಅದರಲ್ಲಿ ನಿನ್ನ ಮುಖಕ್ಕೆ ಏನೂ ಹಚ್ಚಿಲ್ಲ, ನಿದ್ದೆಗಣ್ಣು ಬೇರೆ. ಆದರೂ ಭೀಮನ ಪಾತ್ರದವರು "ನಿನ್ನ ಮಗಳು ಕಳೆಕಳೆಯಾಗಿ ಇದ್ದಾಳಪ್ಪ" ಅಂದರು. ನಾನು ಸುಮ್ನೆ ತಲೆಯಾಡಿಸಿದೆ. ಹೇಳಲಿಕ್ಕೆ ಬಾಯಿ ಬರಲಿಲ್ಲ.

ಈಗ ಕೆಲಸದ ಮಾತು. ಆ ಡಬ್ಬಿಯ ಫೋಟೋ ಎಲ್ಲ ಕಡೆಯಿಂದ ತೆಗೆದು ವಾಟ್ಸಾಪ್ ಮಾಡು. ಹಚ್ಚೋದು ನಿಲ್ಲಿಸಿ ಡಬ್ಬಿಯನ್ನು ಬಿಗಿಯಾಗಿ ಮುಚ್ಚಿಡು, ಬಿಸಾಡಬೇಡ, ಡಾಕ್ಟರ್‌ಗೆ ತೋರಿಸಬೇಕು. ನೀನು ಎಷ್ಟು ದಿನದಿಂದ ಹಚ್ಚುತ್ತಿದ್ದೀಯ ಅಂತ ನನಗೆ ಹೇಳದಿದ್ದರೂ ಅವರಿಗೆ ನಿಜ ಹೇಳು. ನಿಲ್ಲಿಸಿದ ಮೇಲೆ ಮುಖ ಕೆಂಪಾದರೆ, ಉರಿದರೆ ಮತ್ತೆ ಅದನ್ನೇ ಹಚ್ಚಬೇಡ, ಅವತ್ತೇ ಚರ್ಮದ ಡಾಕ್ಟರ್ ಹತ್ತಿರ ಹೋಗು. ಹಾಗೇನೂ ಆಗದಿದ್ದರೂ ಈ ವಾರದ ರಜೆಯಲ್ಲಿ ತೋರಿಸಿಕೋ, ಮೂತ್ರ ಪರೀಕ್ಷೆ ಬೇಕಾ ಅಂತಲೂ ಕೇಳು. ಕೊಟ್ಟ ಗೆಳತಿಯನ್ನು ಬೈಯಬೇಡ, ಅವಳನ್ನೂ ಜೊತೆಗೆ ಕರೆದುಕೊಂಡು ಹೋಗು. ಅವಳೂ ಯಾರದೋ ಮಗಳು. ಇಬ್ಬರ ಫೀಸಿಗೆ ಆಗುವಷ್ಟು ದುಡ್ಡು ನಿನ್ನ ಫೋನಿಗೆ ಹಾಕಿದ್ದೇನೆ. ಕನ್ಸೀಲರ್, ಸನ್‌ಸ್ಕ್ರೀನಿಗೆ ಬೇರೆ ಹಾಕುತ್ತೇನೆ, ಸಂಬಳದಿಂದ ತೆಗೆಯಬೇಡ.

ಡಾಕ್ಟರ್ ಏನಂದರು ಅಂತ ನಿಮ್ಮವ್ವನಿಗಾದರೂ ಫೋನ್ ಮಾಡು.

ನಿಮ್ಮಪ್ಪ