ನೀರು ತಾಗಿದರೆ ದದ್ದು ಏಳುವವರ ಪರವಾಗಿ ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ,

ನಮಸ್ಕಾರ.

ನಿಮ್ಮ ಮೇಜಿಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಹಣದ ವಿಷಯವೇ ಇರುತ್ತವೆ ಅನ್ನುವುದು ನನ್ನ ಊಹೆ. ದುಬಾರಿ ಔಷಧಿ ಬೇಕು, ಹೊಸ ಯಂತ್ರ ಬೇಕು, ಇನ್ನೊಂದು ಕಟ್ಟಡ ಬೇಕು. ನಾನು ಕೇಳುತ್ತಿರುವುದು ಒಂದು ಒದ್ದೆ ಬಟ್ಟೆ, ಡಾಕ್ಟರ ಅರ್ಧ ಗಂಟೆ, ಕೊನೆಗೆ ಸಹಿ ಮತ್ತು ಸೀಲು ಇರುವ ಒಂದು ಕಾಗದ. ಇಷ್ಟಕ್ಕೆ ಬಹಿರಂಗ ಪತ್ರ ಬೇಕಿತ್ತಾ ಅಂತ ನಿಮಗೆ ಅನ್ನಿಸಬಹುದು. ಪೂರ್ತಿ ಓದಿ, ಆಮೇಲೆ ಹೇಳಿ.

ನನಗಿರುವುದು ಅಕ್ವಾಜೆನಿಕ್ ಅರ್ಟಿಕೇರಿಯಾ. ಅಷ್ಟುದ್ದದ ಹೆಸರು ಯಾರ ನಾಲಿಗೆಗೂ ಹತ್ತುವುದಿಲ್ಲ, ಹಾಗಾಗಿ ಎಲ್ಲರೂ ನೀರಿನ ಅಲರ್ಜಿ ಅನ್ನುತ್ತಾರೆ. ಚರ್ಮಕ್ಕೆ ನೀರು ತಾಗಿದ 10ರಿಂದ 30 ನಿಮಿಷದೊಳಗೆ ಸಣ್ಣ ಸಣ್ಣ ದದ್ದುಗಳು ಏಳುತ್ತವೆ. ಒಂದೊಂದೂ 1ರಿಂದ 3 ಮಿಲಿಮೀಟರ್, ಸುತ್ತ ಕೆಂಪು. ಕತ್ತು, ಎದೆ, ಬೆನ್ನು, ತೋಳಿನಲ್ಲಿ ಜಾಸ್ತಿ. ಜೊತೆಗೆ ನವೆ, ಉರಿ. ನೀರು ಬಿಸಿ ಇದ್ದರೂ ಅಷ್ಟೇ, ತಣ್ಣಗಿದ್ದರೂ ಅಷ್ಟೇ. ನಲ್ಲಿಯದಾಗಲಿ, ಮಳೆಯದಾಗಲಿ, ಶುದ್ಧ ಮಾಡಿ ಬಾಟಲಿಯಲ್ಲಿ ತುಂಬಿದ್ದಾಗಲಿ, ಚರ್ಮಕ್ಕೆ ಭೇದವಿಲ್ಲ. ಕೆಲವರಿಗೆ ಉಪ್ಪುನೀರು ಇನ್ನೂ ಕಷ್ಟ. ನನ್ನಂಥ ಕೆಲವರಿಗೆ ಸ್ವಂತ ಬೆವರು, ಕಣ್ಣೀರು ಕೂಡ ಸಾಕು. ಹೆಚ್ಚಿನವರಿಗೆ ಇದು ಹರೆಯದಲ್ಲಿ ಶುರುವಾಗುತ್ತದೆ, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ನನಗೂ ಹಾಗೇ ಆಯಿತು.

'ಹಾಗಾದ್ರೆ ನೀರು ಕುಡಿಯೋದು ಹೇಗೆ?' ಇದು ಎಲ್ಲರ ಮೊದಲ ಪ್ರಶ್ನೆ. ಕುಡಿಯುತ್ತೇನೆ, ಎಲ್ಲರಂತೆ ಲೋಟದಲ್ಲೇ. ಈ ಕಾಯಿಲೆ ಇರುವ ಬಹುಪಾಲು ಜನರಿಗೆ ಕುಡಿದ ನೀರಿನಿಂದ ತೊಂದರೆ ಇಲ್ಲ. ತುಟಿಗೆ, ಗಲ್ಲಕ್ಕೆ ತಾಗಿದರೆ ಕೆಲವರಿಗೆ ಅಲ್ಲಿ ಊದಿಕೊಳ್ಳುತ್ತದೆ, ಅಷ್ಟೇ. ಎರಡನೇ ಪ್ರಶ್ನೆ ಕೇಳುವವರು ಸ್ವಲ್ಪ ಬುದ್ಧಿವಂತರು: 'ಮೈಯೊಳಗೆಲ್ಲ ನೀರೇ ಇದೆಯಲ್ಲ?' ಇದೆ. ಆದರೆ ತಕರಾರು ಚರ್ಮದ ಮೇಲಿನ ಪದರದಲ್ಲಿ. ಅಲ್ಲಿರುವ ಯಾವುದೋ ವಸ್ತು ನೀರಿನಲ್ಲಿ ಕರಗಿ ಒಳಗಿಳಿಯುತ್ತದೆ, ಇಲ್ಲವೇ ಚರ್ಮದ ಜಿಡ್ಡಿನ ಜೊತೆ ನೀರು ಸೇರಿ ಏನೋ ತಯಾರಾಗುತ್ತದೆ, ಅದು ಚರ್ಮದಲ್ಲಿರುವ ಮಾಸ್ಟ್ ಕೋಶಗಳನ್ನು ಕೆಣಕಿ, ದದ್ದು ಮತ್ತು ನವೆ ಎಬ್ಬಿಸುವ ಹಿಸ್ಟಮಿನ್ ಎಂಬ ರಾಸಾಯನಿಕ ಬಿಡಿಸುತ್ತದೆ ಅನ್ನುವುದು ತಜ್ಞರ ಅಂದಾಜು. ಯಾವುದು ಸರಿ ಅಂತ ಇನ್ನೂ ತೀರ್ಮಾನವಾಗಿಲ್ಲ. ಶೆಲ್ಲಿ ಮತ್ತು ರಾನ್ಸ್‌ಲಿ ಎಂಬ ಇಬ್ಬರು ವೈದ್ಯರು ಇದನ್ನು ಮೊದಲು ದಾಖಲಿಸಿದ್ದು 1964ರಲ್ಲಿ. 60 ವರ್ಷ ದಾಟಿದರೂ ಇಷ್ಟೇ ಗೊತ್ತಿರುವುದಕ್ಕೆ ಕಾರಣ ಸರಳ. ಪ್ರಪಂಚದ ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾದ ರೋಗಿಗಳ ಸಂಖ್ಯೆ ಸುಮಾರು ನೂರರ ಆಸುಪಾಸು. ಅಷ್ಟು ಜನರಿಗಾಗಿ ಯಾರು ತಲೆ ಕೆಡಿಸಿಕೊಳ್ಳುತ್ತಾರೆ, ಅಲ್ವಾ?

ಆದರೆ ಸಚಿವರೇ, ಆ ನೂರು ಅನ್ನುವ ಲೆಕ್ಕದ ಮೇಲೆಯೇ ನನಗೆ ಅನುಮಾನ. ಅದು ವರದಿಯಾದವರ ಲೆಕ್ಕ. ಕಾಯಿಲೆ ಇರುವವರ ಲೆಕ್ಕ ಅಲ್ಲ. ನನ್ನ ಕೇಸು ಯಾವ ಪತ್ರಿಕೆಯಲ್ಲೂ ಬಂದಿಲ್ಲ. ಡಾಕ್ಟರ ಹತ್ತಿರ ಹೋಗಿ, ಸೋಪು ಬದಲಿಸಿ ಎಂಬ ಸಲಹೆ ಪಡೆದು ಸುಮ್ಮನಾದವರು ಇನ್ನೆಷ್ಟು ಮಂದಿಯೋ.

ಈ ಕಾಯಿಲೆಗೊಂದು ಕೆಟ್ಟ ಗುಣ ಇದೆ. ಸಾಕ್ಷಿ ಉಳಿಸುವುದಿಲ್ಲ. ದದ್ದು ಎದ್ದ ಒಂದೆರಡು ಗಂಟೆಯಲ್ಲಿ, ಕೆಲವೊಮ್ಮೆ ಅದಕ್ಕೂ ಮೊದಲೇ, ಎಲ್ಲ ಇಳಿದುಹೋಗುತ್ತದೆ. ಆಸ್ಪತ್ರೆಗೆ ಹೋಗಿ, ಸರದಿಯಲ್ಲಿ ಕೂತು, ಹೆಸರು ಕರೆಯುವ ಹೊತ್ತಿಗೆ ಚರ್ಮ ನುಣ್ಣಗೆ. ಡಾಕ್ಟರು ನೋಡುತ್ತಾರೆ, ಏನೂ ಕಾಣುವುದಿಲ್ಲ. ಇನ್ನೊಂದು ಗುಣವೂ ಇದೆ. ಅಂಗೈ, ಅಂಗಾಲಿನಲ್ಲಿ ಸಾಮಾನ್ಯವಾಗಿ ದದ್ದು ಬರುವುದಿಲ್ಲ. ಹಾಗಾಗಿ ನಾನು ಪಾತ್ರೆ ತೊಳೆಯುವುದನ್ನೋ ಕೈ ತೊಳೆಯುವುದನ್ನೋ ನೋಡಿದವರು 'ಈಗ ಏನೂ ಆಗ್ಲಿಲ್ವಲ್ಲ' ಅನ್ನುತ್ತಾರೆ. ಒಬ್ಬ ವೈದ್ಯರು ಅದನ್ನೇ ಹಿಡಿದುಕೊಂಡು, ಕೈ ತೊಳೆಸಿ ನೋಡಿ, ಇದೆಲ್ಲ ಮನಸ್ಸಿನದು ಅಂತ ಬರೆದುಕೊಟ್ಟರು. ಅವರ ಹೆಸರು ಬೇಡ. ಓದಿದ ಪುಸ್ತಕದಲ್ಲಿ ಇದಕ್ಕೆ ನಾಲ್ಕು ಸಾಲು ಇದ್ದರೆ ಹೆಚ್ಚು. ನನ್ನ ಸಿಟ್ಟು ಅವರ ಮೇಲಲ್ಲ. ಆದರೆ ಆ ಚೀಟಿ ಮಾತ್ರ ನನ್ನ ಬೆನ್ನು ಬಿಡಲಿಲ್ಲ. ಮುಂದೆ ಹೋದ ಕಡೆಯೆಲ್ಲ ಮೊದಲು ಅದನ್ನೇ ಓದುತ್ತಿದ್ದರು.

ಪರೀಕ್ಷೆ ಎಷ್ಟು ಸುಲಭ ಅಂತ ಕೇಳಿ. ಸುಮಾರು 35 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಎದೆ ಅಥವಾ ಬೆನ್ನಿನ ಮೇಲೆ ಅರ್ಧ ಗಂಟೆ ಇಡಬೇಕು. ತೆಗೆದ ಮೇಲೆ ನೋಡುತ್ತಿರಬೇಕು. ದದ್ದು ಎದ್ದರೆ ಎದ್ದಿತು. ಬಟ್ಟೆಗೆ ಅದೇ ಬೆಚ್ಚಗಿನ ನೀರು ಯಾಕೆ ಅಂದರೆ, ಚಳಿಗೆ ಏಳುವ ದದ್ದು ಬೇರೆ, ಸೆಕೆಗೆ ಏಳುವುದು ಬೇರೆ. ಅವುಗಳನ್ನು ಬೇರ್ಪಡಿಸಲು ಮುಂದೋಳಿನ ಮೇಲೆ ಕೆಲವು ನಿಮಿಷ ಐಸ್ ತುಂಡು ಇಟ್ಟು ನೋಡುತ್ತಾರೆ, ಬೆವರು ಬರುವಷ್ಟು ವ್ಯಾಯಾಮ ಮಾಡಿಸುತ್ತಾರೆ, ಚರ್ಮದ ಮೇಲೆ ಗೀರಿ ನೋಡುತ್ತಾರೆ. ಇದರಲ್ಲಿ ಯಾವುದಕ್ಕೂ ದೊಡ್ಡ ಯಂತ್ರ ಬೇಕಿಲ್ಲ.

ಬೇಕಿರುವುದು ಗೊತ್ತಿರುವ ಒಬ್ಬರು. ಪರೀಕ್ಷೆಗೆ ಕೆಲವು ದಿನ ಮುಂಚೆ ಅಲರ್ಜಿ ಮಾತ್ರೆ ನಿಲ್ಲಿಸಬೇಕು, ಇಲ್ಲದಿದ್ದರೆ ದದ್ದು ಏಳುವುದಿಲ್ಲ. ಒಮ್ಮೆ ದದ್ದು ಎದ್ದು ಇಳಿದ ಜಾಗದಲ್ಲಿ ಕೆಲವು ಗಂಟೆ ಮತ್ತೆ ಏಳದೇ ಇರಬಹುದು. ಅಂದರೆ ಬೆಳಿಗ್ಗೆ ಸ್ನಾನ ಮಾಡಿ ಬಂದ ರೋಗಿಗೆ ಆಗಲೇ ಪರೀಕ್ಷೆ ಮಾಡಿದರೆ ಫಲಿತಾಂಶ ತಪ್ಪಾಗುವ ಸಾಧ್ಯತೆ ಇದೆ. ಎಲ್ಲಾ ರೋಗಿಗಳೂ ಡಾಕ್ಟರ ಹತ್ತಿರ ಹೋಗುವಾಗ ಸ್ನಾನ ಮಾಡಿಯೇ ಹೋಗುತ್ತಾರೆ! ಕಾಲಿಗೋ ಅಂಗೈಗೋ ಬಟ್ಟೆ ಸುತ್ತಿ ಪರೀಕ್ಷೆ ಮುಗಿಸಿದರೆ ಅದೂ ವ್ಯರ್ಥ. ಇವೆಲ್ಲ ಒಂದು ಪುಟದ ಸೂಚನೆಯಲ್ಲಿ ಮುಗಿಯುವ ವಿಷಯ. ಆ ಒಂದು ಪುಟವನ್ನು ನಿಮ್ಮ ಇಲಾಖೆ ಪ್ರತಿ ಚರ್ಮರೋಗ ವಿಭಾಗಕ್ಕೂ ಕಳಿಸಲಿ. ಇದು ನನ್ನ ಮೊದಲ ಕೋರಿಕೆ.

ಸರಿಯಾದ ಪರೀಕ್ಷೆ ನಮ್ಮ ಸಮಾಧಾನಕ್ಕೆ ಮಾತ್ರ ಅಲ್ಲ. ನೀರು ತಾಗಿದರೆ ವಿಪರೀತ ನವೆ, ಆದರೆ ದದ್ದೇ ಇಲ್ಲ, ಅಂಥವರೂ ಇದ್ದಾರೆ. ಅದು ಅಕ್ವಾಜೆನಿಕ್ ಪ್ರುರೈಟಸ್ ಎಂಬ ಬೇರೆಯೇ ತೊಂದರೆ. ಅಂಥವರಲ್ಲಿ ಕೆಲವರಿಗೆ ಪಾಲಿಸೈಥೀಮಿಯಾ ವೇರಾ ಎಂಬ ರಕ್ತದ ಕಾಯಿಲೆ ಇರುತ್ತದೆ, ಅದಕ್ಕೆ ಸ್ನಾನದ ನಂತರದ ನವೆಯೇ ಸುಳಿವು. ರಕ್ತ ಪರೀಕ್ಷೆ ಮಾಡಿಸದೆ 'ಒಣ ಚರ್ಮ, ಎಣ್ಣೆ ಹಚ್ಚಿ' ಅಂದರೆ ಒಂದು ಜೀವದ ಪ್ರಶ್ನೆ ಕೈತಪ್ಪಿ ಹೋಗುತ್ತದೆ.

ಇನ್ನು ದಿನ ಕಳೆಯುವ ಮಾತು. ಸ್ನಾನಕ್ಕೆ ಮೊದಲು ಮಾತ್ರೆ ನುಂಗಬೇಕು, ಅದು ಕೆಲಸ ಶುರು ಮಾಡುವವರೆಗೆ ಕಾಯಬೇಕು. ಕತ್ತು, ಎದೆಗೆ ವ್ಯಾಸಲೀನ್ ಬಳಿದುಕೊಳ್ಳಬೇಕು. ಆಮೇಲೆ ಲಗುಬಗೆಯಿಂದ ಸ್ನಾನ, ತಕ್ಷಣ ಒತ್ತಿ ಒರೆಸಿಕೊಳ್ಳುವುದು, ಉಜ್ಜುವ ಹಾಗಿಲ್ಲ. ಆಮೇಲೂ ಉರಿ ಇಳಿಯುವವರೆಗೆ ಬಟ್ಟೆ ಹಾಕಿಕೊಳ್ಳಲು ಆಗುವುದಿಲ್ಲ. ಬೇರೆಯವರಿಗೆ ಹತ್ತು ನಿಮಿಷದ ಕೆಲಸ ನನ್ನ ಅರ್ಧ ಬೆಳಗನ್ನು ತಿನ್ನುತ್ತದೆ. ತಲೆಸ್ನಾನದ ದಿನ ಬೇರೆ ಯಾವ ಕೆಲಸಕ್ಕೂ ಒಪ್ಪಿಕೊಳ್ಳುವುದಿಲ್ಲ. ಹಳೆಯ ಕಾಲದ ಅಲರ್ಜಿ ಮಾತ್ರೆ ತೆಗೆದುಕೊಂಡರೆ ನಿದ್ದೆ ಎಳೆಯುತ್ತದೆ. ಈಗಿನ ಸೆಟ್ರಿಜಿನ್, ಫೆಕ್ಸೊಫೆನಡಿನ್ ಥರದವು ಪರವಾಗಿಲ್ಲ. ಸಾಮಾನ್ಯ ಡೋಸ್ ಸಾಲದಿದ್ದರೆ ಡಾಕ್ಟರ ಸಲಹೆ ಮೇರೆಗೆ ನಾಲ್ಕು ಪಟ್ಟಿನವರೆಗೂ ಹೆಚ್ಚಿಸಬಹುದು ಅಂತ ಅರ್ಟಿಕೇರಿಯಾದ, ಅಂದರೆ ಇಂಥ ದದ್ದಿನ ಕಾಯಿಲೆಗಳ, ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಅದಕ್ಕೂ ಜಗ್ಗದಿದ್ದರೆ ಕೆಲವರಿಗೆ ನೇರಳಾತೀತ ಕಿರಣದ ಚಿಕಿತ್ಸೆ, ಕೆಲವರಿಗೆ ಒಮಾಲಿಜುಮಾಬ್ ಇಂಜೆಕ್ಷನ್ ಕೊಟ್ಟು ನೋಡಿದ್ದಾರೆ. ಎಲ್ಲರಿಗೂ ಒಗ್ಗುವಂಥದ್ದು ಯಾವುದೂ ಇಲ್ಲ. ಅಪರೂಪಕ್ಕೆ ಉಸಿರು ಕಟ್ಟುವುದು, ತಲೆ ಸುತ್ತುವುದು ಕೂಡ ಆಗುವುದುಂಟು. ಆಗ ಇದು ಬರೀ ಚರ್ಮದ ಮಾತಾಗಿ ಉಳಿಯುವುದಿಲ್ಲ.

ಇದೆಲ್ಲವನ್ನೂ ಹೇಗೋ ನಿಭಾಯಿಸುತ್ತೇನೆ. ನಿಭಾಯಿಸಲು ಆಗದ್ದು ಜನರ ಮುಖದ ಮೇಲಿನ ಆ ನಗು. ಶಾಲೆಯಲ್ಲಿ ಈಜು ಕಡ್ಡಾಯ ಇತ್ತು. ನೀರಿಗೆ ಇಳಿಯುವುದಿಲ್ಲ ಅಂದಾಗ ಸೋಮಾರಿ ಅಂದರು, ಅಂಕ ಕತ್ತರಿಸಿದರು. ಮಳೆಯಲ್ಲಿ ನೆನೆದು ಕಚೇರಿಗೆ ಬಂದ ದಿನ ಅರ್ಧ ದಿನ ರಜೆ ಕೇಳಿದರೆ ಮೇಲಧಿಕಾರಿ ಪಕ್ಕದವರ ಮುಖ ನೋಡಿ ನಕ್ಕರು. ಕಾಗದ ತನ್ನಿ ಅಂದರು. ಯಾವ ಕಾಗದ? ನನ್ನ ಹತ್ತಿರ ಆಗ ಇದ್ದದ್ದು ಮನಸ್ಸಿನ ಕಾಯಿಲೆ ಅಂತ ಬರೆದ ಅದೇ ಚೀಟಿ.

ಎಲ್ಲಕ್ಕಿಂತ ಹೆಚ್ಚು ಹೆದರಿಕೆ ಆಸ್ಪತ್ರೆಯದ್ದೇ. ನಗಬೇಡಿ. ಜ್ವರ ಬಂದು ದಾಖಲಾದಾಗ ನರ್ಸ್ ಪ್ರೀತಿಯಿಂದಲೇ ಮೈಗೆಲ್ಲ ಒದ್ದೆ ಬಟ್ಟೆ ಇಟ್ಟರು. ನಾನು ಬೇಡ ಅನ್ನುವ ಸ್ಥಿತಿಯಲ್ಲಿ ಇರಲಿಲ್ಲ. ದದ್ದು ನೋಡಿ, ಔಷಧಿಗೆ ಅಲರ್ಜಿ ಆಗಿದೆ ಅಂದುಕೊಂಡು, ಸರಿಯಾಗಿ ಕೆಲಸ ಮಾಡುತ್ತಿದ್ದ ಔಷಧಿಯನ್ನೇ ನಿಲ್ಲಿಸಿದರು. ನನ್ನ ಫೈಲಿನ ಮೊದಲ ಪುಟದಲ್ಲಿ ಒಂದು ಸಾಲು ಇದ್ದಿದ್ದರೆ ಇದು ಆಗುತ್ತಿರಲಿಲ್ಲ. ಪ್ರಜ್ಞೆ ತಪ್ಪಿದ ರೋಗಿಯ ಮೈ ಒರೆಸುವಾಗ, ಶಸ್ತ್ರಚಿಕಿತ್ಸೆಗೆ ಮೊದಲು ಚರ್ಮ ತೊಳೆಯುವಾಗ, ಹೆರಿಗೆ ಕೋಣೆಯಲ್ಲಿ, ಆ ಸಾಲು ಯಾರಾದರೂ ಓದಲೇಬೇಕು.

ಈಗ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ಅಪರೂಪದ ಕಾಯಿಲೆಗಳ ಬಗ್ಗೆ ಸರ್ಕಾರಗಳು ಕಾಳಜಿ ತೋರಿಸುತ್ತಿಲ್ಲ ಅಂತ ನಾನು ಹೇಳುವುದಿಲ್ಲ. ಅಮೆರಿಕ 1983ರಲ್ಲೇ ಇದಕ್ಕಾಗಿ ಕಾನೂನು ಮಾಡಿತು. ಅಲ್ಲಿ 2 ಲಕ್ಷಕ್ಕಿಂತ ಕಡಿಮೆ ಜನರಿಗೆ ಇರುವ ಕಾಯಿಲೆ ಅಪರೂಪದ್ದು. ಯುರೋಪಿನಲ್ಲಿ 10,000 ಜನರಿಗೆ 5 ಮಂದಿ ಮೀರದ ಕಾಯಿಲೆ. 2021ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯೂ ಇಂಥ ರೋಗಿಗಳ ಪರವಾಗಿ ನಿರ್ಣಯ ಮಾಡಿತು. ಒಳ್ಳೆಯದೇ. ಆದರೆ ಅಮೆರಿಕದ ಆ ಕಾನೂನನ್ನೇ ನೋಡಿ. ಅದು ಔಷಧಿ ಕಂಪನಿಗಳಿಗೆ ಪ್ರೋತ್ಸಾಹ ಕೊಟ್ಟು ಹೊಸ ಔಷಧಿ ಮಾಡಿಸುವುದಕ್ಕೆ ಬಂದದ್ದು. ಅಪರೂಪದ ಕಾಯಿಲೆ ಅಂದ ಕೂಡಲೇ ಎಲ್ಲರ ತಲೆಗೆ ಬರುವುದೂ ಬೆಲೆ ಕೇಳಿದರೆ ಎದೆ ಒಡೆಯುವ ಔಷಧಿಯೇ. ಅಂಥ ಔಷಧಿ ಬೇಕಾದ ಮಕ್ಕಳಿಗೆ, ಅವರ ತಂದೆತಾಯಿಗಳಿಗೆ ನೆರವು ಸಿಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ನಮ್ಮ ಕಾಯಿಲೆ ಮಾತ್ರ ಎಲ್ಲಿಯೂ ಸೇರದೆ ಉಳಿಯುತ್ತದೆ. ಅಪರೂಪದಲ್ಲಿ ಯಾರಿಗೂ ಕಡಿಮೆ ಇಲ್ಲ. ಆದರೆ ಮಾತ್ರೆ ಅಗ್ಗ, ಸಾಮಾನ್ಯವಾಗಿ ಪ್ರಾಣ ಹೋಗುವುದಿಲ್ಲ, ಕಂಪನಿಗೆ ಲಾಭ ಇಲ್ಲ, ಹಾಗಾಗಿ ಯೋಜನೆಯಲ್ಲಿ ಜಾಗ ಇಲ್ಲ. ಕಾಯಿಲೆಯ ತೂಕವನ್ನು ಬಿಲ್ಲಿನ ಮೊತ್ತದಿಂದ ಅಳೆಯುವುದು ಸರಿಯಾ?

ಅದಕ್ಕೇ ಎರಡನೇ ಕೋರಿಕೆ. ಅಪರೂಪದ ಕಾಯಿಲೆಗಳ ನೋಂದಣಿ ಪುಸ್ತಕದಲ್ಲಿ ಚಿಕಿತ್ಸಾ ವೆಚ್ಚ ಎಷ್ಟೇ ಇರಲಿ, ಪರೀಕ್ಷೆಯಿಂದ ಖಚಿತವಾದ ಪ್ರತಿ ಕಾಯಿಲೆಗೂ ಒಂದು ಸಾಲು ಇರಲಿ. ನಮಗೆ ಧನಸಹಾಯ ಬೇಡ, ನಮ್ಮನ್ನು ಎಣಿಸಿ ಸಾಕು. ಎಣಿಸಿದರೆ ತಾನೇ ಸಂಶೋಧನೆ ಮಾಡುವವರಿಗೆ ರೋಗಿಗಳು ಸಿಗುವುದು. ನೋಂದಣಿಯಾದವರಿಗೆ ಒಂದು ಪ್ರಮಾಣಪತ್ರ ಕೊಡಿ. ಅದನ್ನು ಶಾಲೆ, ಪರೀಕ್ಷಾ ಕೊಠಡಿ, ಕೆಲಸದ ಜಾಗ, ನೇಮಕಾತಿಯ ದೈಹಿಕ ಪರೀಕ್ಷೆ, ಎಲ್ಲ ಕಡೆಯೂ ಒಪ್ಪಬೇಕು ಅಂತ ಆದೇಶ ಮಾಡಿ. ಆಸ್ಪತ್ರೆಯ ದಾಖಲೆಯಲ್ಲಿ ಔಷಧಿ ಅಲರ್ಜಿ ಬರೆಯುವ ಜಾಗದಲ್ಲೇ ಇದನ್ನೂ ಬರೆಯುವ ವ್ಯವಸ್ಥೆ ಆಗಲಿ.

ಸುಳ್ಳು ಪ್ರಮಾಣಪತ್ರ ತರುವವರು ಇರುತ್ತಾರೆ, ದುರುಪಯೋಗ ಆಗುತ್ತದೆ ಅಂತ ನಿಮ್ಮ ಅಧಿಕಾರಿಗಳು ಖಂಡಿತ ಹೇಳುತ್ತಾರೆ. ಆ ಮಾತನ್ನು ಪ್ರತಿ ಕಿಟಕಿಯಲ್ಲೂ ಕೇಳಿ ಅಭ್ಯಾಸವಾಗಿದೆ. ಉತ್ತರ ಪರೀಕ್ಷೆಯಲ್ಲೇ ಇದೆ. ಚರ್ಮದ ಮೇಲೆ ದದ್ದು ಏಳುವುದನ್ನು ನಟಿಸಲು ಯಾರಿಗೂ ಬರುವುದಿಲ್ಲ. ಡಾಕ್ಟರ ಕಣ್ಣೆದುರೇ ಅದು ಏಳಬೇಕು, ಫೋಟೊ ತೆಗೆಯಬೇಕು, ಆಮೇಲೆ ಸಹಿ. ಹೊಟ್ಟೆನೋವಿಗೆ ಕೊಡುವ ರಜೆಚೀಟಿಗಿಂತ ಇದು ಎಷ್ಟೋ ಗಟ್ಟಿ.

ನನ್ನ ಪರೀಕ್ಷೆಯ ವರದಿ, ಅದರ ಫೋಟೊಗಳು, ಜೊತೆಗೆ ಮೇಲೆ ಹೇಳಿದ ಒಂದು ಪುಟದ ಸೂಚನೆಯ ಕರಡು, ಇಷ್ಟನ್ನೂ ಪ್ರತ್ಯೇಕ ಲಕೋಟೆಯಲ್ಲಿ ನಿಮ್ಮ ಕಚೇರಿಗೆ ಕಳಿಸುತ್ತಿದ್ದೇನೆ. ಕರಡನ್ನು ನನ್ನ ಚರ್ಮದ ಡಾಕ್ಟರು ಓದಿ ತಿದ್ದಿದ್ದಾರೆ. ನಿಮ್ಮ ತಜ್ಞರಿಗೆ ನಂಬಿಕೆ ಬರದಿದ್ದರೆ ಕರೆಸಿ. ಮಾತ್ರೆ ನಿಲ್ಲಿಸಿ, ಸ್ನಾನ ಮಾಡದೆ ಬರುತ್ತೇನೆ. ಅವರೇ ಬಟ್ಟೆ ಇಟ್ಟು ನೋಡಲಿ.

ಉತ್ತರದ ನಿರೀಕ್ಷೆಯಲ್ಲಿ,
ಒಬ್ಬ ರೋಗಿ